ಕಂಬಿಗಳು ದೂರವಾದವು, ನೋವು ಜಾಗ ಬದಲಿಸಿತು

ಚಿತ್ರದುರ್ಗವಿರಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿರಲಿ, ಶಾಲೆಯ ಮೈದಾನದಲ್ಲಿ ಕಂಬಿ ಕಂಡರೆ ಮಕ್ಕಳು ಜೋತುಬೀಳದೆ ಬಿಡುವುದಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ತ್ರಿಪುರಾದ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ 4ನೇ ಸ್ಥಾನ ಪಡೆದ ಮೇಲೆ ಹೆಣ್ಣುಮಕ್ಕಳಿಗೂ ಜಿಮ್ನಾಸ್ಟಿಕ್ಸ್ ಕಲಿಸುವ ಆಸೆ ಅನೇಕ ಮನೆಗಳಲ್ಲಿ ಮೂಡಿತು. ಇದು ಒಳ್ಳೆಯದೇ. ಆದರೆ ಈ ಆಟ ದೇಹದ ಯಾವ ಭಾಗಕ್ಕೆ ಭಾರ ಹಾಕುತ್ತದೆಂಬುದು ತಂದೆತಾಯಿಗಳಿಗೆ ತಿಳಿದಿರಬೇಕು.

ಒಂದು ಎತ್ತರ, ಒಂದು ತಗ್ಗು, ಹೀಗಿರುವ ಅಸಮ ಕಂಬಿಗಳ ಆಟವನ್ನೇ ನೋಡಿ. ಹಿಂದೆ ಎರಡು ಕಂಬಿಗಳೂ ಹತ್ತಿರ ಹತ್ತಿರ ಇದ್ದವು. ಹುಡುಗಿ ಮೇಲಿನ ಕಂಬಿಯಿಂದ ತೂಗಿಬಂದು ಕೆಳಗಿನದಕ್ಕೆ ಸೊಂಟ ಬಡಿಸಿ, ಆ ರಭಸದಿಂದಲೇ ಮುಂದೆ ತಿರುಗುತ್ತಿದ್ದಳು. ಹೊಟ್ಟೆಯ ಕೆಳಭಾಗ ನೀಲಿಗಟ್ಟುತ್ತಿತ್ತು. 1972ರಲ್ಲಿ ಓಲ್ಗಾ ಕೋರ್ಬುಟ್ ಮೇಲಿನ ಕಂಬಿಯ ಮೇಲೆ ನಿಂತು ಹಿಂದಕ್ಕೆ ಪಲ್ಟಿ ಹೊಡೆದಳು. ಇಂದು ಹಾಗೆ ನಿಲ್ಲುವುದಕ್ಕೆ ನಿಯಮದ ಒಪ್ಪಿಗೆಯಿಲ್ಲ.

ಬರಬರುತ್ತಾ ಕಂಬಿಗಳನ್ನು ದೂರ ಸರಿಸಿದರು. ಈಗ ಮೈ ನೀಳವಾಗಿಸಿ ಪೂರ್ತಿ ಸುತ್ತು ಹಾಕುತ್ತಾರೆ, ಕಂಬಿ ಬಿಟ್ಟು ಹಾರಿ ಮತ್ತೆ ಹಿಡಿಯುತ್ತಾರೆ. ಹೊಟ್ಟೆಗೆ ಬೀಳುತ್ತಿದ್ದ ಪೆಟ್ಟು ತಪ್ಪಿತು. ಆದರೆ ಆ ಭಾರವೆಲ್ಲ ಭುಜ, ಮಣಿಕಟ್ಟು, ಅಂಗೈಗಳ ಮೇಲೆ ಬಿತ್ತು.

ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರವಿರುತ್ತದೆ. ಕೈ ಮೇಲೆ ನಿಲ್ಲುವುದು, ಜೋತುಬೀಳುವುದು ಮಿತಿಮೀರಿದರೆ ಮಣಿಕಟ್ಟಿನ ಈ ಪದರಕ್ಕೆ ಘಾಸಿಯಾಗುತ್ತದೆ. ಅಲಕ್ಷಿಸಿದರೆ ಮೂಳೆಯ ಬೆಳವಣಿಗೆಯೇ ಕುಂಠಿತವಾಗಬಹುದು. ಆದ್ದರಿಂದ ನೋವಿನ ಮಾತ್ರೆ ನುಂಗಿಸಿ, ಮುಲಾಮು ಹಚ್ಚಿ ಮತ್ತೆ ಅಭ್ಯಾಸಕ್ಕೆ ಕಳಿಸಬೇಡಿ. ಒಂದೆರಡು ವಾರ ಬಿಡದೆ ನೋವಿದ್ದರೆ ಆಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಎಕ್ಸ್-ರೇ ಬೇಕಾಗಬಹುದು. ಬೇಗ ವಿಶ್ರಾಂತಿ ಕೊಟ್ಟರೆ ಬಹುತೇಕ ಮಕ್ಕಳು ಪೂರ್ತಿ ಗುಣವಾಗುತ್ತಾರೆ.

ಅಂಗೈ ಚರ್ಮ ಕಿತ್ತರೆ ಸೋಪುನೀರಿನಿಂದ ತೊಳೆದು ಶುಭ್ರ ಬಟ್ಟೆ ಕಟ್ಟಿ. ಮಾಯುವವರೆಗೆ ಕಂಬಿ ಮುಟ್ಟುವುದು ಬೇಡ.

ಮೈ ಹಗುರವಾಗಿರಲೆಂದು ಊಟ ಕಡಿಮೆ ಮಾಡಿಸುವುದು ದೊಡ್ಡ ತಪ್ಪು. ರಾಗಿ ಮುದ್ದೆ, ಬೇಳೆ, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ ಧಾರಾಳವಾಗಿ ಕೊಡಿ. 15 ವರ್ಷವಾದರೂ ಮುಟ್ಟಾಗದಿದ್ದರೆ, ಆಗುತ್ತಿದ್ದದ್ದು ನಿಂತರೆ, ನಾಚಿಕೆಪಡದೆ ವೈದ್ಯರನ್ನು ಕಾಣಿ.

1976ರಲ್ಲಿ ನಾಡಿಯಾ ಕೊಮನೆಚಿ ಈ ಕಂಬಿಗಳ ಮೇಲೆ ಪೂರ್ಣ 10 ಅಂಕ ಪಡೆದಾಗ ಅವಳಿಗೆ 14 ವರ್ಷ. 1997ರಿಂದ, ಆ ವರ್ಷದೊಳಗೆ 16 ತುಂಬದ ಹುಡುಗಿಗೆ ಒಲಿಂಪಿಕ್ಸ್ ಪ್ರವೇಶವಿಲ್ಲ. ಜಗತ್ತೇ ಕಾಯಲು ಕಲಿತಿದೆ. ನಿಮ್ಮ ಮಗಳ ಮೂಳೆ ಬಲಿಯುವವರೆಗೆ ನೀವೂ ಅವಸರ ಮಾಡಬೇಡಿ.