ಬಾರದ ರೋಗಿ

ತಮ್ಮಾ, ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ ಪಕ್ಕ ಕ್ಲಿನಿಕ್ ತೆರೆದು ಇನ್ನೂ ಆರು ತಿಂಗಳಾಗಿಲ್ಲ, ಆಗಲೇ ಸಂಶೋಧನೆ ಅಂತ ಹೊರಟಿದ್ದೀಯ. ನನಗೆ ಖುಷಿಯೇ. ಆದರೆ ನೀನು ಆರಿಸಿಕೊಂಡ ಆ ಅಪರೂಪದ ಕಾಯಿಲೆ ನನ್ನ ಮೂವತ್ತೆಂಟು ವರ್ಷದ ಪ್ರಾಕ್ಟೀಸಿನಲ್ಲಿ ಎರಡೇ ಸಲ ಬಾಗಿಲಿಗೆ ಬಂದಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೀತೀಯಲ್ಲೋ!

ನಿನ್ನ ಬೆಂಚಿನ ಮೇಲೆ ಕೂತವರನ್ನು ನೋಡು. ಬೀದರ್ ಕಡೆಯ ಗೌಂಡಿ, ನಾಲ್ಕು ದಿನದ ಜ್ವರ. ರಾತ್ರಿ ಪಾಳಿಯಿಂದ ನಿದ್ದೆಗೆಟ್ಟ ಕಂಪ್ಯೂಟರ್ ಹುಡುಗಿ. ಬಿಪಿ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುವ ಗುಮಾಸ್ತ. ‘ಸುಸ್ತು’ ಅಂತಷ್ಟೇ ಹೇಳಿ ಸುಮ್ಮನಾಗುವ ಅಜ್ಜಿ. 1961ರಲ್ಲಿ ಕೆರ್ ವೈಟ್ ಎಂಬ ವೈದ್ಯ ಮತ್ತು ಜೊತೆಗಾರರು ಒಂದು ಲೆಕ್ಕ ಕೊಟ್ಟರು. ಸಾವಿರ ವಯಸ್ಕರಲ್ಲಿ ತಿಂಗಳಿಗೆ 750 ಜನಕ್ಕೆ ಏನೋ ಒಂದು ತೊಂದರೆ; ಡಾಕ್ಟರ ಹತ್ತಿರ ಹೋಗುವವರು 250; ಆಸ್ಪತ್ರೆ ಸೇರುವವರು 9; ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆ ಮುಟ್ಟುವವನು ಒಬ್ಬ. ಕಾಲೇಜಿನಲ್ಲಿ ನೀನು ಓದಿದ್ದು ಆ ಒಬ್ಬನನ್ನು. ಆ ಅಜ್ಜಿಯ ಸುಸ್ತಿಗೆ ಪುಸ್ತಕದಲ್ಲಿ ಎಷ್ಟು ಪುಟ ಸಿಕ್ಕಿತು, ಹೇಳು?

ನಾನು ತಪ್ಪಿದ್ದು ಎಲ್ಲಿ ಗೊತ್ತೇ? ತಿರುಗಿ ಬಾರದವನು ಗುಣವಾದ ಅಂತ ತಿಳಿಯುತ್ತಿದ್ದೆ. ಒಬ್ಬ ಗೌಂಡಿಗೆ ಕೆಮ್ಮಿನ ಔಷಧಿ ಕೊಟ್ಟೆ, ಮತ್ತೆ ಬರಲಿಲ್ಲ. ಒಳ್ಳೇದಾಯಿತು ಅಂದುಕೊಂಡೆ. ವರ್ಷದ ಮೇಲೆ ಅವನ ತಮ್ಮ ಬಂದ. ಅಣ್ಣ ನಾಲ್ಕು ಕಡೆ ಅಲೆದು, ಊರಿಗೆ ಹೋದ ಮೇಲೆ ಟಿಬಿ ಅಂತ ಗೊತ್ತಾಗಿತ್ತು. ಅಷ್ಟರಲ್ಲಿ ಮನೆಯ ಕೂಸಿಗೂ ಅಂಟಿತ್ತು. ಅವನ ಫೋನ್ ನಂಬರನ್ನೂ ನಾನು ಬರೆದಿಟ್ಟಿರಲಿಲ್ಲ.

ಕ್ಲಿನಿಕ್‌ನಲ್ಲೇ ಸಂಶೋಧನೆ ಮಾಡೋಕೆ ಅಡ್ಡಿ ಇಲ್ಲ ಅಂತ ಹೇಳೋದಿಲ್ಲ. ಸಂಜೆ ಐವತ್ತು ಜನ ಕಾಯುವಾಗ ಬರೆಯೋಕೆ ಪುರಸೊತ್ತೆಲ್ಲಿ? ಅನುದಾನ ಕಾಲೇಜು ಪ್ರೊಫೆಸರರ ಕಡೆ ಹರಿಯುತ್ತೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿರುತ್ತೆ. ನಿನ್ನ ರೋಗಿ ಮಾತಾಡೋದು ತೆಲುಗು, ದಖ್ಖನಿ, ಕನ್ನಡ. ಆ ಪತ್ರವನ್ನು ಅವರವರ ಮಾತಿನಲ್ಲೇ ಬರೆಸಿ, ಓದಿ ಹೇಳು. ಅವಸರದಲ್ಲಿ ಹೆಬ್ಬೆಟ್ಟು ಒತ್ತಿಸಬೇಡ. ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕತಾ ಸಮಿತಿ ನಿನಗಿಲ್ಲ, ನಿಜ. ಐಸಿಎಂಆರ್‌ನ 2017ರ ಮಾರ್ಗಸೂಚಿ ಬೇರೆ ಸಂಸ್ಥೆಯ ಸಮಿತಿಯನ್ನು ಕೇಳಿಕೊಳ್ಳಲು ದಾರಿ ಬಿಟ್ಟಿದೆ. ಹೋಗಿ ಕೇಳು, ನಾಚಬೇಡ.

ಸಿಕಂದರಾಬಾದಿನಲ್ಲಿ 1897ರಲ್ಲಿ ಸೊಳ್ಳೆಯ ಹೊಟ್ಟೆ ಬಗೆದು ಮಲೇರಿಯಾ ಕಂಡ ರಾಸ್‌ನ ಹೆಸರು ನಿನ್ನ ನಾಲಿಗೆ ಮೇಲಿದೆ. ನಿನಗೆ ಹತ್ತಿರದವನು ವಿಲಿಯಂ ಪಿಕಲ್ಸ್. ಇಂಗ್ಲೆಂಡಿನ ಹಳ್ಳಿ ಡಾಕ್ಟರು. ಯಾರಿಗೆ ಯಾವತ್ತು ಕಾಯಿಲೆ ಬಂತು, ಅದಕ್ಕೆ ಮುಂಚೆ ಯಾರ ಜೊತೆ ಬೆರೆತಿದ್ದರು, ಇಷ್ಟನ್ನು ಬಿಡದೆ ಬರೆದ. ಕಾಮಾಲೆ ಅಂಟಿದ ಎಷ್ಟು ದಿನಕ್ಕೆ ತಲೆ ಎತ್ತುತ್ತೆ ಅನ್ನೋದು ಆ ಬರವಣಿಗೆಯಿಂದ ಗೊತ್ತಾಯಿತು. 1939ರಲ್ಲಿ ಪುಸ್ತಕ ಮಾಡಿದ.

ನೀನೂ ಒಂದೇ ಪ್ರಶ್ನೆ ಹಿಡಿ. ಎರಡು ವಾರದ ಕೆಮ್ಮು ಇದ್ದವರು ಮತ್ತೆ ಬಾರದೆ ಹೋದರೆ ಏನಾಗುತ್ತಾರೆ? ಉದ್ದನೆಯದೊಂದು ನೋಟುಬುಕ್ಕು ತಗೋ. ಊರಿನಲ್ಲಿ ಸಿಗುವ ನಂಬರನ್ನೂ ಬರೆದುಕೋ. ಸುಗ್ಗಿಗೆ ಗೌಂಡಿಗಳು ಊರಿಗೆ ಹೋಗಿಬಿಡ್ತಾರೆ. ಹಾಂ, ನಾಳೆ ಬೆಳಿಗ್ಗೆ ಆ ಅಜ್ಜಿಗೊಂದು ಫೋನ್ ಮಾಡು, ಸುಸ್ತು ಹೇಗಿದೆ ಕೇಳು.