ಇಳಿಯುವ ವಿಮಾನಕ್ಕೆ ಎಂಜಿನಿನ ಬಲವೇಕೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನನಿಲ್ದಾಣದಲ್ಲಿ ಜೆಟ್ ವಿಮಾನವು ಇಳಿಯುವುದನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ವಿಮಾನ ಕೆಳಗಿಳಿಯುತ್ತಿದ್ದರೂ ಅದರ ಮೂಗು ತುಸು ಮೇಲಕ್ಕೆ ಎತ್ತಿರುತ್ತದೆ. ರೆಕ್ಕೆಯ ಎತ್ತುವ ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ವೇಗ ತಗ್ಗಿದಾಗ ಅದೇ ಭಾರವನ್ನು ಹೊರಬೇಕಾದರೆ ರೆಕ್ಕೆಯು ಗಾಳಿಗೆ ಹೆಚ್ಚು ಓರೆಯಾಗಿ ನಿಲ್ಲಬೇಕು. ಓರೆ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುವುದು; ಅದನ್ನು ಗೆಲ್ಲಲು ಎಂಜಿನುಗಳು ದುಡಿಯುತ್ತಲೇ ಇರಬೇಕು. ಇಳಿಜಾರಿನಲ್ಲಿ ಸೈಕಲ್ ತುಳಿಯುವುದನ್ನು ಬಿಟ್ಟು ಕೂರುವ ನಮಗೆ ಇದು ಸೋಜಿಗವೆನಿಸೀತು.

ಈ ತತ್ತ್ವದ ಬೆಲೆ ಎಷ್ಟೆಂಬುದು ೧೯೯೦ರ ಫೆಬ್ರವರಿ ೧೪ರಂದು ಬೆಂಗಳೂರಿನಲ್ಲಿ ಕಂಡುಬಂದಿತು. ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-೩೨೦ ವಿಮಾನವು ೧೪೬ ಜನರನ್ನು ಹೊತ್ತು ಮುಂಬಯಿಯಿಂದ ಬಂದು ಎಚ್‌ಎಎಲ್ ವಿಮಾನನಿಲ್ದಾಣದಲ್ಲಿ ಇಳಿಯಲಿತ್ತು. ಹಗಲು, ಆಕಾಶ ನಿರ್ಮಲ. ಚಾಲಕರ ಮುಂದಿನ ಫಲಕದಲ್ಲಿ ಇಳಿತದ ದರವನ್ನು ನಿಗದಿಪಡಿಸುವ ಗುಂಡಿಯೊಂದು, ಎತ್ತರವನ್ನು ನಿಗದಿಪಡಿಸುವ ಗುಂಡಿ ಮತ್ತೊಂದು, ಅಕ್ಕಪಕ್ಕದಲ್ಲಿದ್ದವು. ನಿಮಿಷಕ್ಕೆ ೭೦೦ ಅಡಿಯ ದರವನ್ನು ಸೂಚಿಸಹೋಗಿ ೭೦೦ ಅಡಿ ಎತ್ತರವನ್ನೇ ಸೂಚಿಸಿರಬೇಕೆಂದು ವಿಚಾರಣೆಯಲ್ಲಿ ಊಹಿಸಲಾಯಿತು. ಆದರೆ ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು ೨,೯೦೦ ಅಡಿ ಮೇಲಿದೆ! ಗುರಿ ಇನ್ನೂ ಬಹಳ ಕೆಳಗಿದೆಯೆಂದು ಬಗೆದ ಯಂತ್ರವು ಎಂಜಿನುಗಳನ್ನು ಕನಿಷ್ಠ ಬಲದಲ್ಲಿಯೇ ಇರಿಸಿತು. ದಾರಿ ತಪ್ಪದಂತೆ ಚಾಲಕರು ಮೂಗನ್ನು ಎತ್ತುತ್ತ ಹೋದರು. ೧೩೨ ನಾಟ್ ಇರಬೇಕಾಗಿದ್ದ ವೇಗ ೧೦೬ಕ್ಕೆ ಕುಸಿಯಿತು. ಲೆಕ್ಕ ಹಾಕಿ ನೋಡಿರಿ: ಓರೆ ಬದಲಾಗದಿದ್ದಲ್ಲಿ ಆ ವೇಗದಲ್ಲಿ ರೆಕ್ಕೆಯ ಬಲ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ.

ಸುಮಾರು ೧೩೫ ಅಡಿ ಎತ್ತರದಲ್ಲಿ ಎಂಜಿನುಗಳಿಗೆ ಪೂರ್ಣ ಬಲವನ್ನು ಕೊಡಲಾಯಿತು. ಅವು ಕೆಟ್ಟಿರಲಿಲ್ಲ, ಕೊಟ್ಟ ಆಜ್ಞೆಯನ್ನು ಪಾಲಿಸಿದವು. ಆದರೆ ಜೆಟ್ ಎಂಜಿನಿನೊಳಗಿನ ಭಾರವಾದ ಚಕ್ರಗಳು ಮಂದಗತಿಯಿಂದ ಪೂರ್ಣ ವೇಗಕ್ಕೆ ಏರಲು ಕೆಲವು ಸೆಕೆಂಡುಗಳು ಬೇಕು. ಇಂಧನವನ್ನು ಒಮ್ಮೆಗೇ ಸುರಿದರೆ ಒಳಗಿನ ಗಾಳಿಯ ಹರಿವೇ ಕೆಡುವುದು. ಆ ಸೆಕೆಂಡುಗಳು ಉಳಿದಿರಲಿಲ್ಲ. ವಿಮಾನವು ರನ್‌ವೇಗೆ ಸುಮಾರು ೨,೩೦೦ ಅಡಿ ಮೊದಲೇ ಗಾಲ್ಫ್ ಮೈದಾನವನ್ನು ಮುಟ್ಟಿ, ಪುಟಿದು, ಮಣ್ಣಿನ ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. ೯೨ ಮಂದಿ ಮಡಿದರು.

ವೇಗ ಇಳಿಯುತ್ತಿರುವುದನ್ನು ಚಾಲಕರು ಸಕಾಲದಲ್ಲಿ ಗ್ರಹಿಸಲಿಲ್ಲವೆಂಬುದು ವಿಚಾರಣೆಯ ನಿರ್ಣಯ. ಅದು ದಿಟವೇ, ಆದರೂ ಗುಂಡಿಗಳ ಆ ಜೋಡಣೆಯನ್ನು ನಿರ್ದೋಷವೆನ್ನಲು ಮನಸ್ಸು ಒಪ್ಪುವುದಿಲ್ಲ.

ನೆಲದಿಂದ ೧,೦೦೦ ಅಡಿ, ನೋಟ ನಿಚ್ಚಳವಾಗಿದ್ದರೆ ೫೦೦ ಅಡಿ ತಲಪುವಷ್ಟರಲ್ಲಿ ವೇಗ, ದಾರಿ, ಎಂಜಿನಿನ ಬಲ ಇವು ಮೂರೂ ಸ್ಥಿರವಾಗಿರದಿದ್ದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂಬುದು ಇಂದು ವಿಮಾನಸಂಸ್ಥೆಗಳಲ್ಲಿ ಸಾಮಾನ್ಯ ನಿಯಮ. ಇನ್ನೇನು ನೆಲ ಮುಟ್ಟಿತೆನ್ನುವಾಗ ವಿಮಾನವು ಗರ್ಜಿಸಿ ಮೇಲೇರಿದರೆ ಒಳಗಿದ್ದವರು ಗಾಬರಿಗೊಳ್ಳುವುದುಂಟು. ಚಾಲಕರು ಆಗ ಪಾಲಿಸುತ್ತಿರುವುದು ಬಹುಮಟ್ಟಿಗೆ ಇದೇ ನಿಯಮವನ್ನು.