ಮಾವಳೆಯ ಗುರಾಣಿಗೆ ಬಂಗಾರದ ಬಣ್ಣ ಬೇಡ

ದೀಪಾವಳಿ ಬಂತೆಂದರೆ ಬೇಲಾಪುರದ ಸೊಸೈಟಿಗಳ ಅಂಗಳದಲ್ಲಿ ಮಕ್ಕಳ ಮಣ್ಣಿನ ಕಿಲ್ಲೆ ಏಳುತ್ತದೆ. ಕನ್ನಡದ ಮನೆಗಳ ಮಕ್ಕಳೂ ಕೈ ಕೆಸರು ಮಾಡಿಕೊಳ್ಳುತ್ತಾರೆ. ಮೇಲೆ ಶಿವಾಜಿ ಮಹಾರಾಜರು, ಮೆಟ್ಟಿಲುದ್ದಕ್ಕೂ ಬೆರಳುದ್ದದ ಮಾವಳೆ ಸೈನಿಕರು. ಅಂಗಡಿಯಿಂದ ತಂದ ಗೊಂಬೆಯ ಗುರಾಣಿ ಬಂಗಾರದಂತೆ ಹೊಳೆಯುತ್ತಿದ್ದರೆ, ಈ ಸಲ ನೀವೇ ತಿದ್ದಿ.

ಆಗಿನ ಸಾಮಾನ್ಯ ಸೈನಿಕನ ಗುರಾಣಿ ಹೆಚ್ಚಾಗಿ ತೊಗಲಿನದು. ಎಮ್ಮೆಯ ದಪ್ಪ ಚರ್ಮವನ್ನು ದುಂಡಗೆ ಉಬ್ಬಿಸಿ, ಮೆರುಗೆಣ್ಣೆ ಬಳಿದು ಕಪ್ಪಗೆ ಮಿರುಗುವಂತೆ ಮಾಡುತ್ತಿದ್ದರು. ಮೇಲಿನ ನಾಲ್ಕು ಲೋಹದ ಉಬ್ಬುಗಳು ಬರೀ ಅಲಂಕಾರವಲ್ಲ. ಒಳಗಿನ ಹಿಡಿಪಟ್ಟಿಯ ಬಳೆಗಳು ನಿಂತಿರುವುದೇ ಅವುಗಳ ಆಧಾರದಿಂದ. ಹಾಗಾಗಿ ಅವು ನಾಲ್ಕೇ ಇರಲಿ, ಚೌಕದ ಮೂಲೆಗಳಂತೆ.

ಅಚ್ಚ ಕಪ್ಪು ಬಳಿದರೆ ಗುರಾಣಿ ತೂತಿನಂತೆ ಕಾಣುತ್ತದೆ. ಕಪ್ಪಿಗೆ ಒಂದಿಷ್ಟು ಕಂದು ಬೆರೆಸಿ. ಒಣಗಿದ ಮೇಲೆ ಹಲ್ಲುಕಡ್ಡಿಯ ತುದಿಯಿಂದ ಹಿತ್ತಾಳೆ ಬಣ್ಣದ ನಾಲ್ಕು ಚುಕ್ಕೆ ಇಡಿ. ಕೊನೆಗೆ ಬಣ್ಣವಿಲ್ಲದ ವಾರ್ನಿಷ್ ಒಂದು ಹನಿ. ಆ ಮೆರುಗು ಬಂದಾಗಲೇ ಅದು ತೊಗಲಾಗುತ್ತದೆ.

ವೈಕಿಂಗ್ ಗೊಂಬೆಗಳಿಗೆ ಬಣ್ಣ ಹಾಕುವವರಿಗೂ ಇಂಥ ಆಧಾರವಿದೆ: 1880ರಲ್ಲಿ ನಾರ್ವೆಯಲ್ಲಿ ಅಗೆದು ತೆಗೆದ ಗೋಕ್‌ಸ್ಟಾಡ್ ಹಡಗಿನ 64 ಮರದ ಗುರಾಣಿಗಳು, ಒಂದು ಹಳದಿಯಾದರೆ ಪಕ್ಕದ್ದು ಕಪ್ಪು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಹಾರ್ಬರ್ ಲೈನ್ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದು, ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಆಯುಧಗಳ ವಿಭಾಗಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಬ್ರಷ್ ಹಿಡಿಯುವ ಮುಂಚೆಯೇ ಹೋಗಿ ಬನ್ನಿ.